ನನ್ನ ಡ್ಯೂಟಿ ಡೈರಿ, ಓಟಿ ಹಣ ಮತ್ತು ಒಂದು ವೋಟು

2024ರ ಮೇ 20, ಸೋಮವಾರ. ನಾನಿರುವ, ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ಲೋಕಸಭೆಗೆ ಮತದಾನ. ನಾನು ಮತ ಹಾಕಲಿಲ್ಲ. ಬೆಳಗಿನ ಡ್ಯೂಟಿ ಏಳರಿಂದ ಮೂರು. ಮೂರಕ್ಕೆ ಹೊರಟರೆ ಐದರೊಳಗೆ ಬೂತ್ ಮುಟ್ಟಬಹುದು ಅಂದುಕೊಂಡಿದ್ದೆ. ಎರಡೂವರೆಗೆ ಇನ್‌ಚಾರ್ಜ್ ಸಿಸ್ಟರ್ ಬಂದು, ಸಂಜೆಯವರು ಇಬ್ಬರು ಬರ್ತಿಲ್ಲ, ನೀವು ಡಬಲ್ ಮಾಡಿ ಅಂದರು. ಐಸಿಯುನಲ್ಲಿ ರೋಗಿಗಳನ್ನು ಬಿಟ್ಟು ಹೋಗೋಕಾಗುತ್ತಾ? ರಾತ್ರಿ ಹನ್ನೊಂದಕ್ಕೆ ಹೊರಬಂದೆ. ಲೋಕಲ್‌ನ ಲೇಡೀಸ್ ಡಬ್ಬಿಯಲ್ಲಿ ಎದುರು ಕೂತಿದ್ದ ಹೆಂಗಸಿನ ಬೆರಳಿಗೆ ಶಾಯಿ ಇತ್ತು. ಮನೆ ಮುಟ್ಟುವವರೆಗೂ ಅದೇ ಕಣ್ಣ ಮುಂದೆ.

ಮತದಾನದ ದಿನ ಸಂಬಳ ಸಹಿತ ರಜೆ ಕೊಡಬೇಕು ಅಂತ ಪ್ರಜಾಪ್ರತಿನಿಧಿ ಕಾಯ್ದೆಯ 135ಬಿ ಕಲಮಿನಲ್ಲಿದೆ. ಆದರೆ ಯಾರ ಗೈರುಹಾಜರಿಯಿಂದ ಅಪಾಯ ಆಗಬಹುದೋ ಅವರಿಗೆ ಅದು ಅನ್ವಯಿಸುವುದಿಲ್ಲ ಅಂತಲೂ ಅಲ್ಲೇ ಇದೆ. ಅದು ಸರಿ, ನಾನೂ ಒಪ್ಪುತ್ತೇನೆ. ನನಗೆ ರಜೆ ಬೇಕಿರಲಿಲ್ಲ, ಮೂರು ಗಂಟೆಗೆ ಬಿಟ್ಟಿದ್ದರೆ ಸಾಕಿತ್ತು.

ನಾನು ವಿಜಯಪುರ ಜಿಲ್ಲೆಯವಳು. ಮುಂಬೈಯ ಒಂದು ಖಾಸಗಿ ಆಸ್ಪತ್ರೆಯಲ್ಲಿ 14 ವರ್ಷದಿಂದ ಸ್ಟಾಫ್ ನರ್ಸ್. ಹೊರಗಿನವರಿಗೆ ಓಟಿ (ಓವರ್‌ಟೈಮ್, ಹೆಚ್ಚುವರಿ ಗಂಟೆಗಳ ಕೆಲಸ) ಅಂದರೆ ಡಬಲ್ ಡ್ಯೂಟಿ ಮಾತ್ರ ಕಾಣುತ್ತದೆ. ನಿಜವಾಗಿ ನಮ್ಮ ಟೈಮ್ ಸೋರುವುದು ಹ್ಯಾಂಡೊವರ್‌ನಲ್ಲಿ. ಮೂರಕ್ಕೆ ಡ್ಯೂಟಿ ಮುಗಿಯಿತು ಅಂತ ರೋಸ್ಟರ್ ಹೇಳುತ್ತದೆ. ಆದರೆ ಮುಂದಿನ ಸಿಸ್ಟರ್ ಬಂದ ಮೇಲೆ ಒಂದೊಂದು ಬೆಡ್ ಹತ್ತಿರ ನಿಂತು ಹೇಳಬೇಕು, ಇನ್ಫ್ಯೂಷನ್ ಪಂಪ್ ಎಷ್ಟು ಎಂಎಲ್‌ನಲ್ಲಿ ಓಡುತ್ತಿದೆ ತೋರಿಸಬೇಕು, ಮೂತ್ರದ ಚೀಲ ಅಳೆದು ಚಾರ್ಟಿನಲ್ಲಿ ಗೆರೆ ಎಳೆಯಬೇಕು. ಆಮೇಲೆ ನಾರ್ಕೋಟಿಕ್ ಕಪಾಟು, ಅಂದರೆ ಅಮಲು ಬರಿಸುವ ನೋವಿನ ಔಷಧಿಗಳನ್ನು ಬೀಗ ಹಾಕಿಡುವ ಜಾಗ. ಫೆಂಟಾನಿಲ್ ಅನ್ನುವ ಅಂಥ ಔಷಧಿಯ ಆಂಪೂಲುಗಳನ್ನು (ಸಣ್ಣ ಗಾಜಿನ ಸೀಸೆಗಳನ್ನು) ಇಬ್ಬರೂ ಸೇರಿ ಎಣಿಸಬೇಕು, ರಿಜಿಸ್ಟರಿನಲ್ಲಿ ಇಬ್ಬರ ಸಹಿ ಬೀಳಬೇಕು, ಸಮಯ ಬರೆಯಬೇಕು, ಆಗ ಕೀಲಿ ಕೈ ಬದಲಾಗುತ್ತದೆ. ಒಂದು ಆಂಪೂಲ್ ಲೆಕ್ಕ ತಪ್ಪಿದರೆ ಯಾರೂ ಮನೆಗೆ ಹೋಗುವ ಹಾಗಿಲ್ಲ. ಅಷ್ಟರಲ್ಲಿ ಡಾಕ್ಟರ್ ರೌಂಡಿಗೆ ಬಂದು ಹೊಸ ಆರ್ಡರ್ ಬರೆದರೆ ಅದನ್ನೂ ಮುಗಿಸಬೇಕು. ನಾಲ್ಕೂಕಾಲು ಆಗೇ ಆಗುತ್ತದೆ.

ಇದಕ್ಕೆ ದಾಖಲೆ ಇರಲಿಲ್ಲ. 'ಮೊದಲು ಹೋಗಿ ಬೆರಳು ಒತ್ತಿ ಬನ್ನಿ, ಆಮೇಲೆ ಫೈಲ್ ಬರೆಯಿರಿ' ಅಂತ ನಮಗೆ ಹೇಳಿದ್ದರು. ಹಾಜರಿ ಮಷೀನಿನ ಪ್ರಕಾರ ನಾವೆಲ್ಲ ದಿನಾ ಮೂರೂ ಐದಕ್ಕೆ ಮನೆಗೆ ಹೋದವರು.

ಅದಕ್ಕೇ 2024ರ ಜನವರಿಯಿಂದ ನಾನೊಂದು ಸಣ್ಣ ಡೈರಿ ಇಟ್ಟಿದ್ದೆ. ಬಂದ ಸಮಯ, ಬಿಟ್ಟ ಸಮಯ, ಏಕೆ ತಡವಾಯಿತು, ಇಷ್ಟೇ. ಆಗ ಸುಮ್ನೆ ನನ್ನ ಸಮಾಧಾನಕ್ಕೆ ಬರೆದಿದ್ದು. ಮೇ 20ರ ಮರುದಿನ ಅದನ್ನು ತೆಗೆದು ಕೂಡಿಸಿದೆ. ಜನವರಿಯಿಂದ ಮಾರ್ಚ್‌ವರೆಗೆ, ವಾರಕ್ಕೆ 48 ದಾಟಿದ ಗಂಟೆ ಮಾತ್ರ ಹಿಡಿದರೂ 161 ಗಂಟೆ ಬಂತು. 11 ಡಬಲ್ ಡ್ಯೂಟಿಯ 88 ಗಂಟೆ, ಉಳಿದ 73 ಗಂಟೆ ಹೀಗೆ ಹ್ಯಾಂಡೊವರ್‌ನಲ್ಲಿ ಹೋಗಿದ್ದು.

ಕಾನೂನು ಏನು ಹೇಳುತ್ತದೆ ಅಂತ ತಿಳಿಸಿದ್ದು ನಮ್ಮ ಬಿಲ್ಡಿಂಗಿನ ಕಾಕಾ, ಯೂನಿಯನ್ ಕೆಲಸ ಮಾಡಿ ನಿವೃತ್ತರಾದವರು, ನಮ್ಮ ಕಡೆಯವರೇ. ಮಹಾರಾಷ್ಟ್ರದ ಅಂಗಡಿ ಮತ್ತು ಸಂಸ್ಥೆಗಳ ಕಾಯ್ದೆ, 2017ರದು. ಅದರಲ್ಲಿ ಆಸ್ಪತ್ರೆಯೂ ಬರುತ್ತದೆ. ಆಗ ಇದ್ದ ಲೆಕ್ಕ ದಿನಕ್ಕೆ 9 ಗಂಟೆ, ವಾರಕ್ಕೆ 48. ದಾಟಿದರೆ ಎರಡು ಪಟ್ಟು ಕೂಲಿ. ಮೂರು ತಿಂಗಳಲ್ಲಿ 125 ಗಂಟೆಗಿಂತ ಜಾಸ್ತಿ ಓಟಿ ಮಾಡಿಸುವ ಹಾಗೇ ಇರಲಿಲ್ಲ. ನಾನು ಮಾಡಿದ್ದು 161.

ನನ್ನ ಸಂಬಳ ಆಗ 26,000. 26 ದಿನಕ್ಕೆ ಭಾಗಿಸಿದರೆ ದಿನಕ್ಕೆ 1,000, ಗಂಟೆಗೆ 125, ಎರಡು ಪಟ್ಟು 250. 161 ಗಂಟೆಗೆ 40,250 ರೂಪಾಯಿ. ಕೈಗೆ ಬಂದದ್ದು ಡಬಲ್ ಒಂದಕ್ಕೆ 600ರಂತೆ 6,600. ಕಾಕಾ ಆ ಹಾಳೆಯನ್ನು ಎರಡು ಸಲ ನೋಡಿ, 'ತಂಗಿ, ಇದನ್ನ ಒಬ್ಬಾಕಿನೇ ತೊಗೊಂಡು ಹೋಗಬ್ಯಾಡ' ಅಂದರು.

ಆ ಮಾತು ಕೇಳಿದ್ದು ಒಳ್ಳೆಯದಾಯಿತು. ಆದರೆ ಜನ ಸೇರಿಸುವುದು ಸುಲಭವಾಗಲಿಲ್ಲ. ಕಲಬುರಗಿ ಕಡೆಯ ಒಬ್ಬ ಹುಡುಗಿ ನಮ್ಮ ವಾರ್ಡಿನಲ್ಲಿದ್ದಳು, ತಮ್ಮನ ಕಾಲೇಜು ಫೀ ಅವಳದೇ. 'ಅಕ್ಕಾ, ನನಗ ಆ ಆರುನೂರು ಬೇಕ್ರಿ. ನೀವು ಅರ್ಜಿ ಕೊಟ್ರ ಡಬಲ್ ಕೊಡೂದೇ ನಿಲ್ಲಿಸ್ತಾರ' ಅಂದಳು. ಅವಳು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಆಸ್ಪತ್ರೆಗೆ ಓಟಿ ದುಬಾರಿಯಾದರೆ ಓಟಿ ಕಡಿಮೆ ಮಾಡುತ್ತಾರೆ, ಎರಡು ಪಟ್ಟು ಅಂತ ಕಾನೂನು ಇಟ್ಟಿರುವುದೇ ಅದಕ್ಕೆ. ನಾನು ಅವಳಿಗೆ ಹೇಳಿದ್ದು ಇಷ್ಟೇ, ಎಂಟು ಗಂಟೆಗೆ 600 ಅಲ್ಲ, ನನ್ನ ಸಂಬಳದ ಲೆಕ್ಕದಲ್ಲಿ 2,000 ಬರಬೇಕು, ನಿನ್ನ ಸಂಬಳಕ್ಕೆ ನೀನೇ ಲೆಕ್ಕ ಹಾಕಿ ನೋಡು. ಮೂರು ದಿನ ಬಿಟ್ಟು ಸಹಿ ಹಾಕಿದಳು. ಮೊದಲು 7 ಸಹಿ ಇತ್ತು, ಕೊನೆಗೆ 31 ಆಯಿತು. ಮಲಯಾಳಿ ಸಿಸ್ಟರ್‌ಗಳು ಇಂಥ ಕೆಲಸದಲ್ಲಿ ನಮಗಿಂತ ಮುಂದು, ಅವರಲ್ಲಿ ಒಬ್ಬರು ಹೇಳಿಕೊಟ್ಟ ಉಪಾಯವೇ ನಮ್ಮನ್ನು ಉಳಿಸಿದ್ದು. ಡೈರಿ ನಂಬುವುದಿಲ್ಲ ಅಂದರೆ ನಾರ್ಕೋಟಿಕ್ ರಿಜಿಸ್ಟರ್ ತೆಗೆಯಿರಿ ಅಂತ ಕೇಳಿ, ಅದು ಆಸ್ಪತ್ರೆಯದೇ ಪುಸ್ತಕ, ಅದರಲ್ಲಿ ನಾಲ್ಕೂ ಹತ್ತಕ್ಕೆ ನಿಮ್ಮ ಸಹಿ ಇದೆ ಅಲ್ವಾ, ಅಂದರು. ನಾವು ರೋಗಿಗಳ ಫೈಲ್ ಮುಟ್ಟಲಿಲ್ಲ, ಫೋಟೊ ತೆಗೆಯಲಿಲ್ಲ. ಅದನ್ನು ಯಾರೂ ಮಾಡಬೇಡಿ. ನಮ್ಮ ಸಹಿಯ ತಾರೀಖು, ಸಮಯ ಮಾತ್ರ ಬರೆದುಕೊಂಡೆವು.

ಆಸ್ಪತ್ರೆಯ ಎಚ್‌ಆರ್‌ನವರ (ಸಿಬ್ಬಂದಿ ವಿಭಾಗದವರ) ಮೊದಲ ವಾದ, ದಿನಕ್ಕೆ 9 ಗಂಟೆ ಇದೆಯಲ್ಲ, ನಿಮ್ಮದು ಎಂಟು, ಇನ್ನೊಂದು ಗಂಟೆ ಓಟಿ ಹೇಗಾಗುತ್ತದೆ? ಕೇಳಿದರೆ ಸರಿ ಅನಿಸುತ್ತದೆ. ಆದರೆ ವಾರಕ್ಕೆ ಆರು ದಿನ ಎಂಟೆಂಟು ಗಂಟೆ ಅಂದರೆ 48 ಅಲ್ಲಿಗೇ ತುಂಬಿತು. ಅದರ ಮೇಲಿನ ಪ್ರತಿ ಗಂಟೆಯೂ ಓಟಿ. ಎರಡನೇ ವಾದ ನನಗೆ ನೋವು ಕೊಟ್ಟಿದ್ದು. ಎರಡು ವರ್ಷ ಹಿಂದೆ ನಮ್ಮ ಬ್ಯಾಡ್ಜ್ ಬದಲಾಯಿಸಿ 'ನರ್ಸಿಂಗ್ ಎಕ್ಸಿಕ್ಯುಟಿವ್' ಅಂತ ಮಾಡಿದ್ದರು. ನಾವು ಖುಷಿಪಟ್ಟು ಊರಿಗೆ ಫೋಟೊ ಕಳಿಸಿದ್ದೆವು. ಈಗ ಅದನ್ನೇ ತೋರಿಸಿ, ನೀವು ಮ್ಯಾನೇಜ್‌ಮೆಂಟ್ ದರ್ಜೆಯವರು, ಕಾರ್ಮಿಕರಲ್ಲ ಅಂದರು. ಕಾಯ್ದೆ ನೋಡುವುದು ಮಾಡುವ ಕೆಲಸವನ್ನು, ಹುದ್ದೆಯ ಹೆಸರನ್ನಲ್ಲ. ನನಗೆ ಯಾರಿಗೂ ರಜೆ ಮಂಜೂರು ಮಾಡುವ ಅಧಿಕಾರವೂ ಇಲ್ಲ.

ಕಾಕಾ ಆಗ ಒಂದು ಹಳೇ ವಿಷಯ ಹೇಳಿದರು. ಇದೇ ಮುಂಬೈಯ ಜೆ.ಜೆ. ಆಸ್ಪತ್ರೆ ಸಮೂಹದ ಇಬ್ಬರು ವಾರ್ಡ್ ಸೇವಕಿಯರನ್ನು ಕೆಲಸದಿಂದ ತೆಗೆದಾಗ ಹಾಸ್ಪಿಟಲ್ ಮಜ್ದೂರ್ ಸಭಾ ಕೋರ್ಟಿಗೆ ಹೋಯಿತು. 1960ರಲ್ಲಿ ಸುಪ್ರೀಂ ಕೋರ್ಟ್, ಕಾರ್ಮಿಕ ಕಾನೂನಿನ ಕಣ್ಣಲ್ಲಿ ಆಸ್ಪತ್ರೆಯೂ ಉದ್ಯಮವೇ ಅಂದಿತು. ನಡುವೆ 1970ರಲ್ಲಿ ಅದು ಉಲ್ಟಾ ಆಯಿತು, ಮತ್ತೆ 1978ರಲ್ಲಿ ಬೆಂಗಳೂರು ನೀರು ಸರಬರಾಜು ಮಂಡಳಿಯ ತೀರ್ಪಿನಲ್ಲಿ ಸರಿಹೋಯಿತು. ಇಷ್ಟು ವರ್ಷ ಜೆ.ಜೆ. ಮುಂದೆ ಓಡಾಡಿದ್ದೇನೆ, ನನಗಿದು ಗೊತ್ತಿರಲಿಲ್ಲ.

ಮುಂಬೈಯಲ್ಲಿ ಈ ಕಾಯ್ದೆ ನೋಡಿಕೊಳ್ಳುವುದು ಮಹಾನಗರ ಪಾಲಿಕೆಯ ವಿಭಾಗ. ಯಾರಾದರೂ ನಗರಸೇವಕರನ್ನು, ಅಂದರೆ ಪಾಲಿಕೆಗೆ ಆರಿಸಿ ಬಂದ ಸದಸ್ಯರನ್ನು, ಕರೆದುಕೊಂಡು ಹೋದರೆ ಕೆಲಸ ಬೇಗ ಆಗುತ್ತದೆ ಅಂತ ಎಲ್ಲರೂ ಹೇಳುವವರೇ. ಆದರೆ ಪಾಲಿಕೆಯ ಅವಧಿ 2022ರ ಮಾರ್ಚ್‌ನಲ್ಲೇ ಮುಗಿದಿತ್ತು, ಚುನಾವಣೆ ಆಗಿರಲಿಲ್ಲ, ನಗರಸೇವಕರೇ ಇರಲಿಲ್ಲ. ಅದುವರೆಗೆ ಪೇಪರಿನಲ್ಲಿ ಓದಿ ಬಿಟ್ಟಿದ್ದ ಸುದ್ದಿ ಅದು. ನಮ್ಮ ಅರ್ಜಿ ಹಿಡಿದು ನಿಂತಾಗ ಅದರ ಅರ್ಥ ಆಯಿತು. ಶಾಸಕರ ಆಫೀಸಿಗೆ ಹೋದೆವು, ಎರಡು ಸಲ ವಾಪಸು ಬಂದೆವು, ಮೂರನೇ ಸಲ ಒಂಬತ್ತು ಜನ ಯೂನಿಫಾರ್ಮ್‌ನಲ್ಲೇ ಹೋದೆವು. ಆವತ್ತು ಒಳಗೆ ಕರೆದರು.

ಸೆಪ್ಟೆಂಬರಿನಲ್ಲಿ ಆಸ್ಪತ್ರೆಯ ಜೊತೆ ತೀರ್ಮಾನವಾಯಿತು. ಇನ್ನು ಮುಂದೆ ಓಟಿಗೆ ಎರಡು ಪಟ್ಟು, ಫೈಲ್ ಮುಗಿದ ಮೇಲೇ ಬೆರಳು ಒತ್ತುವುದು. ಹಳೆಯ ಬಾಕಿಯಲ್ಲಿ ಅರ್ಧ ಮಾತ್ರ. ಅದಕ್ಕೆ ಒಪ್ಪಬಾರದಿತ್ತು ಅಂತ ನನಗೆ ಈಗಲೂ ಅನಿಸುತ್ತದೆ.

ಆಮೇಲೆ ಆದದ್ದು ನಾನು ನಿರೀಕ್ಷಿಸಿರಲಿಲ್ಲ. ಎರಡು ತಿಂಗಳಲ್ಲಿ ಡಬಲ್ ಡ್ಯೂಟಿ ಹೆಚ್ಚುಕಡಿಮೆ ನಿಂತೇ ಹೋಯಿತು, ನಾಲ್ಕು ಹೊಸ ಸಿಸ್ಟರ್‌ಗಳು ಬಂದರು. ಕಲಬುರಗಿ ಹುಡುಗಿ ಹೆದರಿದ ಹಾಗೇ ಅವಳಿಗೆ ಬರುತ್ತಿದ್ದ ಹೆಚ್ಚಿನ ದುಡ್ಡು ಹೋಯಿತು, ಅವಳು ವಾರದಲ್ಲಿ ಮೂರು ದಿನ ಸಂಜೆ ಒಬ್ಬರ ಮನೆಯಲ್ಲಿ ರೋಗಿ ನೋಡಿಕೊಳ್ಳಲು ಹೋಗತೊಡಗಿದಳು. ಅವಳ ಬಗ್ಗೆ ನನಗೆ ಸಂಕಟ ಇದೆ. ನನಗೆ ಮಾತ್ರ ಸಂಜೆ ಸಿಕ್ಕಿತು. 14 ವರ್ಷದಲ್ಲಿ ಮೊದಲ ಸಲ ಸೊಸೈಟಿಯ ಮೀಟಿಂಗಿಗೆ ಹೋದೆ. ನವೆಂಬರ್ 20, ವಿಧಾನಸಭೆಯ ಮತದಾನದ ದಿನ, ನಮ್ಮ ರೋಸ್ಟರನ್ನು ನಾವೇ ಕೂತು ಮಾಡಿದೆವು, ಬೆಳಗಿನವರು ಸಂಜೆ ವೋಟು ಹಾಕಬೇಕು, ಸಂಜೆಯವರು ಬೆಳಿಗ್ಗೆಯೇ ಹಾಕಿ ಬರಬೇಕು ಅಂತ. ನಾಲ್ಕೂವರೆಗೆ ನಾನು ಬೂತಿನಲ್ಲಿದ್ದೆ.

ಸರ್ಕಾರಿ ಆಸ್ಪತ್ರೆಯಲ್ಲಿರುವ ನನ್ನ ಗೆಳತಿ ರಾಜಕೀಯ ಪಕ್ಷ ಸೇರುವ ಹಾಗಿಲ್ಲ, ಅವಳಿಗೆ ನಡತೆ ನಿಯಮ ಅಡ್ಡ ಬರುತ್ತದೆ. ಆದರೂ 2023ರ ಮಾರ್ಚ್‌ನಲ್ಲಿ ಹಳೇ ಪಿಂಚಣಿಗಾಗಿ ನಡೆದ ಮುಷ್ಕರದಲ್ಲಿ ಅವಳಿದ್ದಳು. ನನಗೆ ಅಂಥ ನಿಯಮ ಯಾವುದೂ ಇರಲಿಲ್ಲ. ಪಕ್ಷ ಸೇರಬಹುದಿತ್ತು, ಚುನಾವಣೆಗೂ ನಿಲ್ಲಬಹುದಿತ್ತು. ನಾನು ಒಂದು ಸಭೆಗೂ ಹೋಗಿರಲಿಲ್ಲ, ಏಕೆಂದರೆ ದಿನಾ ನಾಲ್ಕೂಕಾಲಿಗೆ ಹೊರಟು, ಟ್ರೇನ್ ಹಿಡಿದು, ಮನೆಗೆ ಬಂದು ಅಡುಗೆ ಮಾಡಿ ಮಲಗುವವಳಿಗೆ ಸಭೆ ಎಲ್ಲಿ ನಡೆಯುತ್ತದೆ ಅಂತಲೂ ಗೊತ್ತಾಗುವುದಿಲ್ಲ. ನರ್ಸ್‌ಗಳಿಗೆ ರಾಜಕೀಯದಲ್ಲಿ ಆಸಕ್ತಿ ಇಲ್ಲ ಅನ್ನುವವರು ಮೊದಲು ನಮ್ಮ ರೋಸ್ಟರ್ ನೋಡಲಿ.

2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸಂಪುಟ ದಿನದ ಮಿತಿಯನ್ನು 9ರಿಂದ 10 ಗಂಟೆಗೆ, ಮೂರು ತಿಂಗಳ ಓಟಿ ಮಿತಿಯನ್ನು 125ರಿಂದ 144ಕ್ಕೆ ಏರಿಸಲು ಒಪ್ಪಿತು. ಓಟಿಗೆ ಕಾರ್ಮಿಕರ ಲಿಖಿತ ಒಪ್ಪಿಗೆ ಬೇಕು ಅಂತಲೂ ಹೇಳಿದೆ. ಕೆಲಸಕ್ಕೆ ಸೇರುವ ದಿನವೇ ಹತ್ತು ಕಾಗದಗಳ ನಡುವೆ ಆ ಒಪ್ಪಿಗೆಗೂ ಸಹಿ ಹಾಕಿಸಿಕೊಂಡರೆ ಹೊಸ ಹುಡುಗಿಯರು ಏನು ಮಾಡಬೇಕು? ಆ ಭಾನುವಾರ ನಮ್ಮ ಮನೆಯಲ್ಲಿ 23 ಜನ ಸೇರಿದ್ದೆವು, ಚಹಾ ಲೋಟ ಸಾಲದೆ ಪಕ್ಕದ ಮನೆಯಿಂದ ತಂದೆವು. ಒಪ್ಪಿಗೆ ಪತ್ರ ಪ್ರತಿ ಮೂರು ತಿಂಗಳಿಗೊಮ್ಮೆ ಹೊಸದಾಗಿ ಆಗಬೇಕು, ಬೇಡ ಅನ್ನುವವರಿಗೆ ತೊಂದರೆ ಕೊಡಬಾರದು ಅಂತ ಮರಾಠಿಯಲ್ಲಿ ಮನವಿ ಬರೆದೆವು. ಬರೆದದ್ದು ಕಲಬುರಗಿಯ ಹುಡುಗಿ. ಅವಳ ಮರಾಠಿ ನನ್ನದಕ್ಕಿಂತ ಚೆನ್ನಾಗಿದೆ.