ಬದುವಿನ ಹೊಂಗೆಯಿಂದ ಪಂಪ್‌ಸೆಟ್ಟಿನ ಬಯೋಡೀಸೆಲ್‌ವರೆಗೆ

ಕಬ್ಬು, ಮೆಕ್ಕೆಜೋಳಗಳಿಂದ ತಯಾರಾಗುವ ಎಥೆನಾಲ್ ಪೆಟ್ರೋಲಿಗೆ ಬೆರೆಯುತ್ತದೆ. ಡೀಸೆಲ್ ಪಂಪ್‌ಸೆಟ್ಟಿಗೆ, ಟ್ರ್ಯಾಕ್ಟರಿಗೆ ಬೇಕಾದದ್ದು ಸಸ್ಯದೆಣ್ಣೆಯಿಂದ ಸಿಗುವ ಬಯೋಡೀಸೆಲ್. 2030ರ ಹೊತ್ತಿಗೆ ಡೀಸೆಲ್‌ನಲ್ಲಿ ಶೇ 5ರಷ್ಟು ಬಯೋಡೀಸೆಲ್ ಬೆರೆಸಬೇಕೆಂಬುದು 2018ರ ರಾಷ್ಟ್ರೀಯ ಜೈವಿಕ ಇಂಧನ ನೀತಿಯ ಗುರಿ. ಚಳ್ಳಕೆರೆ, ಹಿರಿಯೂರು, ಮೊಳಕಾಲ್ಮೂರಿನಂತಹ ಮಳೆ ಕಡಿಮೆಯ ಸೀಮೆಯಲ್ಲಿ ಇಂಧನಕ್ಕೆಂದು ಬೆಳೆಯ ಭೂಮಿಯ ಒಂದು ಗುಂಟೆಯನ್ನೂ ಬಿಟ್ಟುಕೊಡಬಾರದು ಎಂಬುದು ನನ್ನ ದೃಢ ಅಭಿಪ್ರಾಯ. ಬದುವಿನ ಮೇಲೆ ನಿಲ್ಲುವ, ಬರವನ್ನೂ ಚೌಳನ್ನೂ ತಾಳಿಕೊಳ್ಳುವ, ದನಕರುಗಳು ಅಷ್ಟಾಗಿ ಬಾಯಿ ಹಾಕದ, ಬೀಜದಿಂದ ಎಣ್ಣೆ ಕೊಡುವ ಹೊಂಗೆ ಇಲ್ಲಿಗೆ ಸರಿಯಾದ ಮರ.

ಹೊಸದಾಗಿ ನೆಡುವವರು ಆ ವರ್ಷದ ಬೀಜವನ್ನೇ ಒಂದು ರಾತ್ರಿ ನೆನೆಸಿ, ಪಾಲಿಥೀನ್ ಚೀಲದಲ್ಲಿ ಸಸಿ ಮಾಡಿಕೊಂಡು, ಮುಂಗಾರಿನ ಹದ ನೋಡಿ ಬದುವಿನುದ್ದಕ್ಕೂ ಸುಮಾರು 5 ಮೀಟರ್ ಅಂತರದಲ್ಲಿ ನೆಡಬೇಕು. ಫಸಲಿಗೆ ಐದಾರು ವರ್ಷ ಕಾಯಬೇಕಾಗುವುದರಿಂದ, ಈಗಾಗಲೇ ನಿಂತಿರುವ ಮರಗಳ ಬೀಜ ಸಂಗ್ರಹದಿಂದಲೇ ಕೆಲಸ ಆರಂಭಿಸುವುದು ಒಳ್ಳೆಯದು.

ಇಂಧನದ ಗುಣ ಬಹುಪಾಲು ನಿರ್ಧಾರವಾಗುವುದು ಕೊಯ್ಲು ಮತ್ತು ಒಣಗಿಸುವಿಕೆಯಲ್ಲಿ. ಹೊಂಗೆಯ ಕಾಯಿ ಬಲಿತರೂ ತಾನಾಗಿ ಸಿಡಿಯುವುದಿಲ್ಲ. ಆದ್ದರಿಂದ ಬೇಸಿಗೆಯಲ್ಲಿ ಸಿಪ್ಪೆ ಕಂದು ಬಣ್ಣಕ್ಕೆ ತಿರುಗಿದಾಗ ದೋಟಿಯಿಂದ ಕೆಡವಿ, ಮೊದಲ ಮಳೆ ಬೀಳುವ ಮುನ್ನವೇ ಆರಿಸಿ ಮುಗಿಸಬೇಕು. ಕಾಯಿಯನ್ನು ಬಿಸಿಲಿನಲ್ಲಿ ಗರಿಗರಿಯಾಗಿ ಒಣಗಿಸಿ, ಕೋಲಿನಿಂದ ಬಡಿದು ಸಿಪ್ಪೆ ಬೇರ್ಪಡಿಸಿದ ಮೇಲೆ ಬೀಜವನ್ನು ಮತ್ತೊಮ್ಮೆ ಒಣಗಿಸಿ, ಗೋಣಿಚೀಲದಲ್ಲಿ ತುಂಬಿ, ನೆಲಕ್ಕೆ ತಾಗದಂತೆ ಹಲಗೆಯ ಮೇಲಿಡಬೇಕು. ತೇವ ಉಳಿದ ಬೀಜಕ್ಕೆ ಬೂಷ್ಟು ಹಿಡಿದು ಎಣ್ಣೆಯಲ್ಲಿ ಕೊಬ್ಬಿನ ಆಮ್ಲ ಹೆಚ್ಚುತ್ತದೆ. ಈ ಆಮ್ಲ ಶೇ 2ನ್ನು ದಾಟಿದರೆ ಬಯೋಡೀಸೆಲ್ ಮಾಡುವ ಹಂತದಲ್ಲಿ ಎಣ್ಣೆ ಕ್ಷಾರದೊಡನೆ ಸೇರಿ ಸಾಬೂನಾಗುವ ಸಂಭವ ಹೆಚ್ಚು. ಆಗ ಮೊದಲು ಗಂಧಕಾಮ್ಲದಿಂದ ಸಂಸ್ಕರಿಸುವ ಹೆಚ್ಚುವರಿ ಖರ್ಚು ಬೀಳುತ್ತದೆ.

ಶೇಂಗಾ ಎಣ್ಣೆಗೆ ಹೆಸರಾದ ಚಳ್ಳಕೆರೆಯಲ್ಲಿ ಮಿಲ್ಲುಗಳಿಗೆ ಕೊರತೆಯಿಲ್ಲ. ಆದರೆ ಅಡುಗೆ ಎಣ್ಣೆ ತೆಗೆಯುವ ಎಕ್ಸ್‌ಪೆಲ್ಲರಿಗೆ ಹೊಂಗೆ ಬೀಜವನ್ನು ಎಂದಿಗೂ ಹಾಕಿಸಬಾರದು. ಹೊಂಗೆ ಎಣ್ಣೆ ಕಹಿಯಾದದ್ದು, ತಿನ್ನಲು ಯೋಗ್ಯವಲ್ಲದ್ದು. ಪ್ರತ್ಯೇಕ ಯಂತ್ರವೇ ಬೇಕು. ಸುಮಾರು 4 ಕಿಲೋ ಬೀಜಕ್ಕೆ ಒಂದು ಲೀಟರ್ ಎಣ್ಣೆ ಸಿಗುತ್ತದೆ. ಉಳಿಯುವ ಹಿಂಡಿಯಲ್ಲಿ ಸಾರಜನಕ ಶೇ 4ರ ಆಸುಪಾಸಿನಲ್ಲಿರುವುದರಿಂದ ಅದನ್ನು ಮಿಲ್ಲಿನವರಿಗೆ ಬಿಡದೆ ಅಡಿಕೆ, ದಾಳಿಂಬೆ ತೋಟಗಳಿಗೆ ತರಬೇಕು. ಲೆಕ್ಕ ಹಾಕಿ ನೋಡಿದರೆ ರೈತನ ಲಾಭದಲ್ಲಿ ಹಿಂಡಿಯ ಪಾಲು ಸಣ್ಣದಲ್ಲ.

ಈ ಎಣ್ಣೆಯನ್ನು ಹಾಗೆಯೇ ಎಂಜಿನ್ನಿಗೆ ಹಾಕಬಾರದು. ಡೀಸೆಲ್‌ಗಿಂತ ಸುಮಾರು ಹತ್ತು ಪಟ್ಟು ಮಂದವಾಗಿರುವ ಅದು ನಾಜಲ್‌ನಲ್ಲಿ ಕಿಟ್ಟ ಕಟ್ಟುತ್ತದೆ. ನೂರು ಲೀಟರ್ ಎಣ್ಣೆಗೆ ಇಪ್ಪತ್ತು ಲೀಟರಿನಷ್ಟು ಮೆಥನಾಲ್, ಎಣ್ಣೆಯ ತೂಕದ ಶೇ 1ರಷ್ಟು ಕಾಸ್ಟಿಕ್ ಪೊಟ್ಯಾಷ್ ಎಂಬ ಕ್ಷಾರ ಸೇರಿಸಿ, 60 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಕಲಕಿದಾಗ ಗ್ಲಿಸರಿನ್ ತಳಕ್ಕಿಳಿದು ಬಯೋಡೀಸೆಲ್ ಮೇಲೆ ನಿಲ್ಲುತ್ತದೆ. ಅದನ್ನು ನೀರಿನಿಂದ ತೊಳೆದು, ತೇವ ತೆಗೆದರೆ ಇಂಧನ ಸಿದ್ಧ. ವಿಧಾನ ಸರಳವೆಂದು ತೋರಿದರೂ ಇದನ್ನು ಮನೆಯಲ್ಲಿ ಮಾಡಬೇಡಿ. ಮೆಥನಾಲ್ ಕುಡಿದರೂ ಅದರ ಆವಿ ಸೇವಿಸಿದರೂ ಕಣ್ಣಿಗೆ, ಪ್ರಾಣಕ್ಕೆ ಅಪಾಯ. ಅದರ ಜ್ವಾಲೆ ಹಗಲಿನಲ್ಲಿ ಕಾಣುವುದೇ ಇಲ್ಲ. ಹತ್ತಾರು ರೈತರು ಬೀಜ ಒಟ್ಟುಗೂಡಿಸಿ, ಪರವಾನಗಿ ಪಡೆದ ಘಟಕಕ್ಕೆ ಎಣ್ಣೆ ಒಪ್ಪಿಸಿ ಬಯೋಡೀಸೆಲ್ ಪಡೆಯುವುದೇ ಸರಿಯಾದ ದಾರಿ.

ಮೊದಲಿಗೆ ಎಂಬತ್ತು ಪಾಲು ಡೀಸೆಲ್‌ಗೆ ಇಪ್ಪತ್ತು ಪಾಲು ಬಯೋಡೀಸೆಲ್ ಬೆರೆಸಿ ಬಳಸಿ. ಟ್ಯಾಂಕಿನಲ್ಲಿ ಕೂತ ಹಳೆಯ ಕೊಳೆಯನ್ನು ಅದು ಸಡಿಲಿಸುವುದರಿಂದ ಆರಂಭದಲ್ಲಿ ಫಿಲ್ಟರ್ ಬೇಗ ಕಟ್ಟಿಕೊಳ್ಳಬಹುದು. ಹಳೆಯ ಎಂಜಿನ್ನುಗಳ ರಬ್ಬರ್ ಪೈಪು ಉಬ್ಬಿ ಸೋರುವ ಸಾಧ್ಯತೆಯಿದ್ದು, ಅದನ್ನು ಮೊದಲೇ ಬದಲಿಸಬೇಕು. ತಂದ ಬಯೋಡೀಸೆಲ್ಲನ್ನು ಗಾಳಿಯಾಡದಂತೆ ತುಂಬಿದ ಕ್ಯಾನಿನಲ್ಲಿ ನೆರಳಿನಲ್ಲಿಟ್ಟು, ಆರು ತಿಂಗಳೊಳಗೆ ಬಳಸಿ ಮುಗಿಸಿ.