ಗುರುತು ಮತ್ತು ಜಾಗಗಳ ಮೂಲಕ ಊರಿನ ನೆನಪನ್ನು ಅಭ್ಯಾಸ ಮಾಡುವ ಬಗೆ

ಒಂದು ಸಮಾಜ ತನ್ನ ಹಿಂದಿನದನ್ನು ಹೇಗೆ ನೆನಪಿಟ್ಟುಕೊಳ್ಳುತ್ತದೆ ಎಂಬುದನ್ನು ಅಭ್ಯಾಸ ಮಾಡಲು ಹೊರಟವರು ಇತಿಹಾಸಕಾರನ ಪ್ರಶ್ನೆಯನ್ನು ಸ್ವಲ್ಪ ಕಾಲ ಬದಿಗಿಡಬೇಕಾಗುತ್ತದೆ. ಇಲ್ಲಿ ನಡೆದದ್ದೇನು ಎಂಬುದು ಆತನ ಪ್ರಶ್ನೆ. ನಡೆದದ್ದೆಂದು ಯಾರು, ಯಾವ ಗುರುತನ್ನು ತೋರಿಸಿ, ಯಾವ ಸಂದರ್ಭದಲ್ಲಿ ಹೇಳುತ್ತಾರೆ ಎಂಬುದು ನಮ್ಮ ಪ್ರಶ್ನೆ. ಮನುಷ್ಯ ಒಬ್ಬನೇ ಕುಳಿತು ನೆನೆಯುವಾಗಲೂ ತನ್ನ ಮನೆತನ, ಧರ್ಮ, ವರ್ಗಗಳು ಕೊಟ್ಟ ಚೌಕಟ್ಟಿನೊಳಗೇ ನೆನೆಯುತ್ತಾನೆಂದು ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಮೋರಿಸ್ ಹಾಲ್ಬ್‌ವಾಕ್ಸ್ 1925ರಲ್ಲಿ ವಾದಿಸಿದರು. ಈ ಅಭ್ಯಾಸಕ್ಕೆ ತಳಹದಿ ಅದೇ. ಆದರೆ ಸಿದ್ಧಾಂತದಿಂದ ಆರಂಭಿಸಬೇಡಿ. ನಿಮ್ಮ ಹತ್ತಿರದ ಒಂದು ಜಾಗವನ್ನು ಆರಿಸಿಕೊಂಡು ಅಲ್ಲಿಂದ ಆರಂಭಿಸಿ.

ಜಾಗ ಒಂದೇ ಇರಲಿ, ಸಾಧ್ಯವಾದರೆ ಅದರ ಬಗ್ಗೆ ಎರಡು ಕಥೆಗಳಿರಲಿ. ಬಳ್ಳಾರಿ–ಹೊಸಪೇಟೆ ರಸ್ತೆಯ ಕುಡತಿನಿಯ ಬೂದಿದಿಬ್ಬ ಇದಕ್ಕೆ ಬಹಳ ಒಳ್ಳೆಯ ಪಾಠ. ನವಶಿಲಾಯುಗದ ದನಗಾಹಿಗಳು ತಮ್ಮ ದೊಡ್ಡಿಗಳಲ್ಲಿ ಶೇಖರವಾದ ಸಗಣಿಯನ್ನು ಮತ್ತೆ ಮತ್ತೆ ಸುಟ್ಟದ್ದರಿಂದ ಇಂಥ ದಿಬ್ಬಗಳಾದವೆಂದು ಪುರಾತತ್ವಜ್ಞರು ತೋರಿಸಿಕೊಟ್ಟಿದ್ದಾರೆ. ಜನರ ಬಾಯಲ್ಲಿ ಇಂಥ ಬೂದಿ ರಕ್ಕಸರನ್ನು ಸುಟ್ಟದ್ದು. ಹಂಪಿಯ ಬಳಿಯ ನಿಂಬಾಪುರದಲ್ಲಂತೂ ಅದು ವಾಲಿಯ ಚಿತೆಯ ಬೂದಿ. ಎರಡನೆಯದನ್ನು ಮೂಢನಂಬಿಕೆ ಎಂದು ಪಕ್ಕಕ್ಕೆ ತಳ್ಳಿದರೆ ಅಭ್ಯಾಸ ಅಲ್ಲಿಗೇ ಮುಗಿಯುತ್ತದೆ. ಸಾಮಾನ್ಯ ಮಣ್ಣಿಗಿಂತ ಬೇರೆಯಾದ ಈ ಬೂದಿಯನ್ನು ಕಂಡ ಜನ, ಇಲ್ಲಿ ಏನೋ ದೊಡ್ಡದು ಸುಟ್ಟಿದೆ ಎಂದು ಸರಿಯಾಗಿಯೇ ಗುರುತಿಸಿ, ತಮಗೆ ಗೊತ್ತಿದ್ದ ಅತಿ ದೊಡ್ಡ ಕಥೆಯೊಳಗೆ ಅದನ್ನು ಇಟ್ಟರು. ಆ ಇಡುವಿಕೆಯೇ ನಾವು ಅಭ್ಯಾಸ ಮಾಡಬೇಕಾದ ವಸ್ತು.

ಜಾಗಕ್ಕೆ ಹೋದ ಮೇಲೆ ಮೊದಲ ಸುತ್ತಿನಲ್ಲಿ ಯಾರನ್ನೂ ಏನನ್ನೂ ಕೇಳದೆ ಕಣ್ಣಿಗೆ ಬಿದ್ದ ಗುರುತುಗಳನ್ನೆಲ್ಲ ಬರೆದುಕೊಳ್ಳಿ: ಶಾಸನ, ವೀರಗಲ್ಲು, ಪುರಾತತ್ವ ಇಲಾಖೆಯ ನೀಲಿ ಫಲಕ, ಬಂಡೆಗೆ ಹಚ್ಚಿದ ಕುಂಕುಮ, ಕಟ್ಟೆ, ಧ್ವಜ, ಬಸ್ ನಿಲ್ದಾಣದ ಹೆಸರು. ಅಮೆರಿಕದ ತತ್ವಜ್ಞಾನಿ ಚಾರ್ಲ್ಸ್ ಪರ್ಸ್ ಮಾಡಿದ ಮೂರು ವಿಂಗಡಣೆ ಇಲ್ಲಿ ನೆರವಿಗೆ ಬರುತ್ತದೆ. ಕೊಪ್ಪಳದ ಪಾಲ್ಕಿಗುಂಡು ಪಲ್ಲಕ್ಕಿಯಂತೆ ಕಾಣುವುದರಿಂದ ಆ ಹೆಸರು ಪಡೆಯಿತು. ಅದು ಹೋಲಿಕೆಯ ಗುರುತು. ಕುಡತಿನಿಯ ಬೂದಿ ನಡೆದದ್ದರ ಕುರುಹು. ಧ್ವಜವೂ ಫಲಕವೂ ಜನರ ಒಪ್ಪಂದದಿಂದ ಮಾತ್ರ ಅರ್ಥ ಪಡೆದ ಸಂಕೇತಗಳು. ಒಂದೇ ವಸ್ತು ಎರಡು ವಿಭಾಗಕ್ಕೂ ಸೇರಿದರೆ ಗಾಬರಿ ಬೇಡ, ಎರಡರಲ್ಲೂ ಬರೆಯಿರಿ.

ನಂತರ ಪ್ರತಿಯೊಂದು ಗುರುತಿಗೂ ಎರಡು ಕಾಲಗಳನ್ನು ದಾಖಲಿಸಿ: ಅದು ಹೇಳುವ ಘಟನೆಯ ಕಾಲ, ಅದನ್ನು ಅಲ್ಲಿ ಇಟ್ಟ ಕಾಲ. ಇಡೀ ಅಭ್ಯಾಸದಲ್ಲಿ ಇದಕ್ಕಿಂತ ಮುಖ್ಯವಾದ ಕೆಲಸ ಇನ್ನೊಂದಿಲ್ಲವೆಂದು ನನ್ನ ಖಚಿತ ಅಭಿಪ್ರಾಯ. ರಾಯಚೂರು ಕೋಟೆಯಲ್ಲಿ ಸುಮಾರು 41 ಅಡಿ ಉದ್ದದ ಕಲ್ಲಿನ ಮೇಲೆ 1294ರ ಶಾಸನವಿದೆ. ಕಾಕತೀಯರ ಕಾಲದಲ್ಲಿ ಕೋಟೆ ಕಟ್ಟಿಸಿದ್ದನ್ನು ಅದು ಹೇಳುತ್ತದೆ, ಆ ಭಾರೀ ಕಲ್ಲನ್ನು ಬಂಡಿಯ ಮೇಲೆ ಎಳೆದು ತಂದ ದೃಶ್ಯವನ್ನೂ ಕೆತ್ತಿದ್ದಾರೆ. ಅಲ್ಲಿ ಎರಡೂ ಕಾಲಗಳು ಒಂದೇ. ಕಟ್ಟಿದವರೇ ತಮ್ಮ ನೆನಪನ್ನು ಮುಂದಿನವರಿಗೆ ಬಿಟ್ಟುಹೋಗಿದ್ದಾರೆ. ಸೆಪ್ಟೆಂಬರ್ 17ರ ಧ್ವಜಾರೋಹಣದ ಸಂಗತಿ ಬೇರೆ. ನಿಜಾಮರ ಆಡಳಿತದಲ್ಲಿದ್ದ ರಾಯಚೂರು, ಕೊಪ್ಪಳಗಳಿಗೆ ಅದು 1948ರ ವಿಮೋಚನೆಯ ನೆನಪು. ಬಳ್ಳಾರಿಯಾದರೋ 1800ರಲ್ಲೇ ನಿಜಾಮರ ಕೈಬಿಟ್ಟು ಕಂಪನಿ ಸರ್ಕಾರಕ್ಕೆ ಸೇರಿ, ಮದ್ರಾಸಿನ ಭಾಗವಾಗಿದ್ದು, 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಬಂದ ಜಿಲ್ಲೆ. ಆದರೂ ಕಲ್ಯಾಣ ಕರ್ನಾಟಕದ ಜಿಲ್ಲೆಯಾಗಿ ಅಲ್ಲಿಯೂ ಈಗ ಸೆಪ್ಟೆಂಬರ್ 17ರಂದು ಧ್ವಜ ಏರುತ್ತದೆ. ಆಡಳಿತದ ಗಡಿ ಬದಲಾದಂತೆ ನೆನಪಿನ ಪಂಚಾಂಗವೂ ಹೇಗೆ ಬದಲಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಹುಡುಕಬೇಕಿಲ್ಲ.

ಹೆಸರುಗಳಲ್ಲಿಯೂ ಇದೇ ಪದರಗಳಿವೆ. ಬಳ್ಳಾರಿಯ ಗಡಗಿ ಚನ್ನಪ್ಪ ವೃತ್ತವನ್ನು ರಾಯಲ್ ಸರ್ಕಲ್ ಎನ್ನುವವರು ಯಾರು, ಯಾವ ವಯಸ್ಸಿನವರು ಎಂದು ಆಟೋ ನಿಲ್ದಾಣದಲ್ಲಿ ನಿಂತು ಗಮನಿಸಿದರೂ ಸಾಕಷ್ಟು ತಿಳಿಯುತ್ತದೆ.

ಜನರನ್ನು ಮಾತನಾಡಿಸುವುದು ಇದಾದ ಮೇಲೆ. ಗಂಗಾವತಿ ಸಮೀಪದ ಹಿರೇಬೆಣಕಲ್ಲಿನ ಗುಡ್ಡದ ಮೇಲೆ ಬೃಹತ್ ಶಿಲಾಯುಗದ ನೂರಾರು ಕಲ್ಮನೆಗಳಿವೆ. ಚಪ್ಪಡಿ ನಿಲ್ಲಿಸಿ, ಮೇಲೊಂದು ಚಪ್ಪಡಿ ಹೊದಿಸಿ, ಕೆಲವಕ್ಕೆ ದುಂಡನೆಯ ಕಿಂಡಿ ಬಿಟ್ಟಿದ್ದಾರೆ. ಸುತ್ತಲಿನವರು ಅವನ್ನು ಮೋರೇರ ಮನೆಗಳೆಂದು ಕರೆದು, ಹಿಂದೆ ಇಲ್ಲಿದ್ದ ಗಿಡ್ಡ ಜನರ ಮಾತು ಹೇಳುತ್ತಾರೆ. ಇಂಥ ಕಡೆ ‘ಇದು ನಿಜವೇ?’ ಎಂದು ಕೇಳಿದರೆ ಹೇಳುವವರು ಮುದುಡಿಕೊಳ್ಳುತ್ತಾರೆ. ‘ಅಜ್ಜಾರ, ಇದನ್ನ ನಿಮಗ ಯಾರು ಹೇಳಿದ್ರು? ನೀವು ಯಾರಿಗೆ ಹೇಳೀರಿ?’ ಎಂದು ಕೇಳಿ ನೋಡಿ. ಕಥೆ ದಾಟಿ ಬಂದ ದಾರಿ ತೆರೆದುಕೊಳ್ಳುತ್ತದೆ. ಒಂದೇ ಮನೆಯ ಅಜ್ಜಿ ಮತ್ತು ಮೊಮ್ಮಗಳನ್ನು ಬೇರೆ ಬೇರೆಯಾಗಿ ಮಾತನಾಡಿಸುವುದು ಒಳ್ಳೆಯದು. ಬಾಯಿಂದ ಬಾಯಿಗೆ ಬರುವ ನಿತ್ಯದ ನೆನಪು ಮೂರು ತಲೆಮಾರು, ಅಂದರೆ 80ರಿಂದ 100 ವರ್ಷ ಬಾಳುತ್ತದೆ, ಅದಕ್ಕೂ ಹಳೆಯದು ಉಳಿಯಲು ಹಬ್ಬ, ಗ್ರಂಥ, ಸ್ಮಾರಕಗಳ ಆಸರೆ ಬೇಕೆಂದು ಜರ್ಮನಿಯ ವಿದ್ವಾಂಸ ಯಾನ್ ಆಸ್ಮನ್ ಹೇಳುತ್ತಾರೆ. ಮುದಗಲ್ಲಿನ ಮೊಹರಂನಲ್ಲಿ ಆ ಆಸರೆ ಕಣ್ಣಿಗೆ ಕಾಣುತ್ತದೆ: ಪ್ರವಾದಿ ಮಹಮ್ಮದರ ಮೊಮ್ಮಗ ಹುಸೇನ್ ಮಡಿದ ಕ್ರಿ.ಶ. 680ರ ಕರ್ಬಲಾ ಕದನ, ಮೊಹರಂನ ಬೆಂಕಿ ಹಾಕುವ ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕುವ ಹಿಂದೂ–ಮುಸ್ಲಿಮರ ಮೈಯಲ್ಲಿ ಮತ್ತು ಆ ಕಥೆಯನ್ನು ಹಾಡುವ ಕನ್ನಡದ ರಿವಾಯತ್ ಪದಗಳಲ್ಲಿ ಉಳಿದುಕೊಂಡಿದೆ. ಹೀಗಾಗಿ ಜಾಗಕ್ಕೆ ಹಬ್ಬದ ದಿನ ಒಮ್ಮೆ, ಏನೂ ಇಲ್ಲದ ದಿನ ಒಮ್ಮೆ ಹೋಗಲೇಬೇಕು.

ಮರೆವನ್ನೂ ದಾಖಲಿಸಿ. ಕೊಪ್ಪಳದ ಗವಿಮಠದ ಗುಡ್ಡದಲ್ಲಿ ಅಶೋಕನ ಶಾಸನವಿದೆ. ಅದರ ಬ್ರಾಹ್ಮೀ ಲಿಪಿಯನ್ನು ಓದಬಲ್ಲವರು ಶತಮಾನಗಳ ಕಾಲ ಇರಲಿಲ್ಲ. ಕಲ್ಲು ಇದ್ದಲ್ಲೇ ಇದ್ದರೂ ನೆನಪು ಅಳಿದಿತ್ತು. ಕೊಪಣವೆಂಬ ಹಳೆಯ ಹೆಸರಿನ ಅದೇ ಕೊಪ್ಪಳ ಜೈನರ ದೊಡ್ಡ ತೀರ್ಥವಾಗಿ, ಮುಂದೆ ಗವಿಸಿದ್ಧೇಶ್ವರರ ಜಾತ್ರೆಗೆ ಲಕ್ಷಾಂತರ ಜನ ಸೇರುವ ನೆಲೆಯಾಗಿ ಬೆಳೆಯಿತು. ಜಾತ್ರೆಗೆ ಬಂದವರಲ್ಲಿ ಶಾಸನದತ್ತ ಹೋಗುವವರು ಯಾರು, ಅವರಿಗೆ ದಾರಿ ತೋರಿಸುವವರು ಯಾರು ಎಂಬ ಎರಡೇ ಪ್ರಶ್ನೆಗಳು ಒಂದು ಪೂರ್ತಿ ಅಧ್ಯಾಯಕ್ಕೆ ಸಾಕು.

ಬರೆಯಲು ಕುಳಿತಾಗ ಜನರ ಮಾತನ್ನು ಅವರ ಆಡುಭಾಷೆಯಲ್ಲೇ ಇಡಿ, ನಿಮ್ಮ ವಿವರಣೆಯನ್ನು ಪ್ರತ್ಯೇಕವಾಗಿ ಇಡಿ. ಒಂದಕ್ಕೊಂದು ಒಪ್ಪದ ಕಥೆಗಳನ್ನು ಹೊಂದಿಸಿ ಒಂದು ಮಾಡಲು ಹೋಗಬೇಡಿ. ಒಪ್ಪಿಗೆ ಪಡೆಯದೆ ಹೇಳಿದವರ ಹೆಸರು ಹಾಕಬೇಡಿ, ಅದರಲ್ಲೂ ಜಾತಿ ಜಗಳ ಅಥವಾ ಜಮೀನಿನ ವ್ಯಾಜ್ಯ ಸೇರಿಕೊಂಡಿರುವ ಕಥೆಗಳಲ್ಲಿ. ಮುಗಿದ ಬರಹದ ಒಂದು ಪ್ರತಿಯನ್ನು ಆ ಊರಿನ ಗ್ರಂಥಾಲಯಕ್ಕೆ ಕೊಟ್ಟು, ಕಥೆ ಹೇಳಿದವರಿಗೆ ಓದಿ ಕೇಳಿಸಿ, ಅವರು ಸೂಚಿಸಿದ ತಿದ್ದುಪಡಿಗಳನ್ನು ದಿನಾಂಕದೊಂದಿಗೆ ಅಂಚಿನಲ್ಲಿ ಬರೆದಿಡಿ.