ಉಳಿದರ್ಧ ಸ್ಟ್ರಿಪ್ ನಾಯಿಗಲ್ಲ

ಮಳೆ ಹಿಡಿದರೆ ಮಂಗಳೂರಿನಲ್ಲಿ ಬಟ್ಟೆಯೂ ಒಣಗುವುದಿಲ್ಲ, ನಾಯಿಯ ಮೈಯೂ ಒಣಗುವುದಿಲ್ಲ. ಕಿವಿ ನಾರುತ್ತದೆ, ಹೊಟ್ಟೆಯಡಿ ಕೆಂಪಾಗುತ್ತದೆ. ಆಗ ನಮ್ಮ ಕೈ ಹೋಗುವುದು ಕಪಾಟಿಗೆ. ಅಲ್ಲಿ ಮಗನ ಗಂಟಲು ನೋವಿಗೆ ತಂದ ಆಂಟಿಬಯೋಟಿಕ್ ಸ್ಟ್ರಿಪ್ ಅರ್ಧ ಉಳಿದಿರುತ್ತದೆ ಅಲ್ವಾ? ಅದನ್ನು ಮುಟ್ಟಬೇಡಿ. ಮಳೆಗಾಲದ ಕಿವಿ, ಚರ್ಮದ ತೊಂದರೆ ಎಷ್ಟೋ ಸಲ ಫಂಗಸ್‌ನದು. ಆಂಟಿಬಯೋಟಿಕ್ ಇರುವುದು ಬ್ಯಾಕ್ಟೀರಿಯಾಕ್ಕೆ, ಅದರಿಂದ ಫಂಗಸ್ಸೂ ಸಾಯದು, ವೈರಸ್ಸೂ ಸಾಯದು.

ಡಾಕ್ಟರ ಹತ್ತಿರ ಹೋಗುವ ಮೊದಲು ತೂಕ ನೋಡಿ. ಪ್ರಾಣಿಯನ್ನು ಎತ್ತಿಕೊಂಡು ತಕ್ಕಡಿ ಹತ್ತಿ, ಆಮೇಲೆ ಒಬ್ಬರೇ ಹತ್ತಿ, ಕಳೆದರೆ ಆಯಿತು. ಡೋಸ್ ನಿಂತಿರುವುದೇ ತೂಕದ ಮೇಲೆ. ಪಕ್ಕದ ಮನೆಯ ಲ್ಯಾಬ್ರಡಾರ್ ನಾಯಿಗೆ ಕೊಟ್ಟ ಮಾತ್ರೆಯನ್ನು ಮುರಿದು ನಮ್ಮ ಬೆಕ್ಕಿಗೆ ಹಾಕುವುದು ಲೆಕ್ಕವಲ್ಲ. ಎನ್ರೋಫ್ಲೋಕ್ಸಸಿನ್ ಎಂಬ ಆಂಟಿಬಯೋಟಿಕ್ ಜಾಸ್ತಿಯಾದರೆ ಬೆಕ್ಕಿನ ಕಣ್ಣೇ ಹೋಗಬಹುದು. ಮೊಲಕ್ಕಂತೂ ಅಮಾಕ್ಸಿಸಿಲಿನ್ ಎಂಬ ಇನ್ನೊಂದನ್ನು ಬಾಯಿಗೆ ಹಾಕಿದರೆ ಜೀವಕ್ಕೇ ಅಪಾಯ. ಮರಿಯೋ, ಗಬ್ಬವೋ, ಮೊದಲು ಯಾವ ಮದ್ದು ಕೊಟ್ಟಿದ್ದಿರಿ, ಎಲ್ಲ ಡಾಕ್ಟರಿಗೆ ಹೇಳಿ. ಸ್ಟ್ರಿಪ್ಪಿನ ಮೇಲೆ ಕೆಂಪು ಗೀಟು ಇದ್ದರೆ ಡಾಕ್ಟರ ಚೀಟಿ ಇಲ್ಲದೆ ಕೇಳಲೇಬೇಡಿ.

ಇನ್ನು ಕೊಡುವುದು. ನಾಯಿ ಪರವಾಗಿಲ್ಲ, ಅನ್ನದುಂಡೆಯಲ್ಲಿ ಹೋಗುತ್ತದೆ. ಬೆಕ್ಕು ಹಾಗಲ್ಲ. ಬೂತಾಯಿ ಮೀನಿನೊಳಗೆ ಇಟ್ಟೆ, ನಮ್ಮ ಪುಚ್ಚೆ ಮುಳ್ಳನ್ನೂ ಬಿಡದೆ ತಿಂದು ಮಾತ್ರೆಯನ್ನು ಮಾತ್ರ ತಟ್ಟೆಯ ಅಂಚಿಗೆ ತಳ್ಳಿತ್ತು! ಈಗ ಟವೆಲ್‌ನಲ್ಲಿ ಸುತ್ತಿ, ತಲೆ ಸ್ವಲ್ಪ ಮೇಲೆತ್ತಿ, ನಾಲಿಗೆಯ ಹಿಂದಕ್ಕೆ ಹಾಕುತ್ತೇನೆ. ಕೂಡಲೇ ಸೂಜಿ ತೆಗೆದ ಸಿರಿಂಜ್‌ನಲ್ಲಿ 5-6 ಎಂಎಲ್ ನೀರು, ಕೆನ್ನೆಯ ಪಕ್ಕದಿಂದ ನಿಧಾನಕ್ಕೆ. ಡಾಕ್ಸಿಸೈಕ್ಲಿನ್ ಎಂಬ ಆಂಟಿಬಯೋಟಿಕ್ ಮಾತ್ರೆ ನೀರಿಲ್ಲದೆ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಅಲ್ಲೇ ಹುಣ್ಣಾಗಿ ದಾರಿ ಸಣ್ಣದಾಗಬಹುದು. ಅದನ್ನು ಹಾಲಿನ ಜೊತೆಯೂ ಕೊಡಬಾರದು, ಮದ್ದು ಮೈಗೆ ಸರಿಯಾಗಿ ಹಿಡಿಯುವುದಿಲ್ಲ.

ಉಣ್ಣಿ ಜ್ವರಕ್ಕೆ ಡಾಕ್ಸಿ ನಾಲ್ಕು ವಾರದವರೆಗೂ ಇರುತ್ತದೆ. ಕೆಲವೇ ದಿನಕ್ಕೆ ನಾಯಿ ಗೇಟಿನ ಹತ್ತಿರ ಬೊಗಳಲು ಶುರು ಮಾಡುತ್ತದೆ, ನಾವು ಮಾತ್ರೆ ಮರೆಯುತ್ತೇವೆ. ನಿಲ್ಲಿಸುವುದು ಡಾಕ್ಟರು ಹೇಳಿದ ದಿನವೇ. ಅರ್ಧಕ್ಕೆ ಬಿಟ್ಟರೆ ಜ್ವರ ಮರಳಬಹುದು. ಸುಮ್ಸುಮ್ನೆ ಕೊಡುತ್ತಾ ಹೋದರೆ ಬ್ಯಾಕ್ಟೀರಿಯಾ ಆ ಮದ್ದಿಗೆ ಜಗ್ಗದಂತಾಗುತ್ತದೆ. ನಾಯಿಯ ಜೊತೆ ಹಾಸಿಗೆ ಹಂಚಿಕೊಳ್ಳುವ ನಮಗೂ ಅದು ದಾಟಬಹುದು. ಒಂದು ಹೊತ್ತು ತಪ್ಪಿತೆಂದು ಮರುದಿನ ಡಬಲ್ ಕೊಡಬೇಡಿ.

ಸ್ವಲ್ಪ ಭೇದಿ, ವಾಂತಿ ಆದರೆ ಫೋನ್ ಮಾಡಿ ಕೇಳಿ. ಮುಖ ಊದಿದರೆ, ಉಸಿರಾಡಲು ಕಷ್ಟಪಟ್ಟರೆ ಮದ್ದು ನಿಲ್ಲಿಸಿ ಆಗಲೇ ಓಡಿ.

ಮದ್ದಿಡಲು ಬಚ್ಚಲು, ಒಲೆಯ ಪಕ್ಕ ಬೇಡ, ನಮ್ಮ ತೇವಕ್ಕೆ ಮಾತ್ರೆ ಮೆತ್ತಗಾಗುತ್ತದೆ. ಪುಡಿಗೆ ನೀರು ಬೆರೆಸಿ ಮಾಡಿದ ಅಮಾಕ್ಸಿಸಿಲಿನ್-ಕ್ಲಾವುಲನೇಟ್ ಸಿರಪ್ ಫ್ರಿಜ್‌ನಲ್ಲಿಟ್ಟು, ಬಾಟಲಿಯ ಮೇಲೆ ತಾರೀಕು ಬರೆಯಿರಿ. ಲೇಬಲ್ ಬೇರೆ ಹೇಳದಿದ್ದರೆ 7 ದಿನಕ್ಕೆ ಅದರ ಆಯುಸ್ಸು ಮುಗಿಯಿತು.